ಅಳುಗಿಂಡಿ

ಇಂಜಿನ್ ಕೋಣೆಯ ಮುಚ್ಚಳ ಎತ್ತಿದ ಕೂಡಲೇ ಒಳಗಿನ ಬಿಸಿಗಾಳಿ ಮೇಸ್ತ್ರಿಯ ಮುಖಕ್ಕೆ ಹೊಡೆಯಿತು. ಬೆಂದ ಬಣ್ಣದ ವಾಸನೆ, ಸುಟ್ಟ ರಬ್ಬರಿನ ವಾಸನೆ. ಅದರ ಅಡಿಯಲ್ಲಿ ಇನ್ನೊಂದು ವಾಸನೆಯೂ ಇತ್ತು. ಅದು ಯಾವುದು ಅಂತ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಏಣಿಯ ಮೇಲೆ ಕಾಲಿಟ್ಟ.

ಹದಿನೈದು ದಿನದ ಹಿಂದೆ ಈ ಗುಂಡಿಯಲ್ಲೇ ಅವನ ಭಾವ ಬೆಂದಿದ್ದ.

ಭಾವ ಈ ಲಾಂಚಿನ ಡ್ರೈವರ್. ಇಪ್ಪತ್ತೆರಡು ವರ್ಷ ಇದೇ ಇಂಜಿನ್ನಿನ ಜೊತೆ ಬಾಳಿದವನು. "ನಿಮ್ಮಕ್ಕನಿಗಿಂತ ಇವಳೇ ಜಾಸ್ತಿ ಗೊಣಗೋದು ಕಣೋ" ಅಂತ ಇಂಜಿನ್ನಿನ ಬೆನ್ನು ತಟ್ಟಿ ನಗುತ್ತಿದ್ದ. ದಿನಾ ಬೆಳಿಗ್ಗೆ ಅರುವತ್ತು ಹೆಂಗಸರನ್ನು ಕೊಲ್ಲಿಯ ಆಚೆ ದಡದ ಮೀನು ಕಾರ್ಖಾನೆಗೆ ಮುಟ್ಟಿಸುವುದು, ಸಂಜೆ ವಾಪಸು ತರುವುದು ಅವನ ಕೆಲಸ. ಆ ಅರುವತ್ತು ಜನರಲ್ಲಿ ಅವನ ಹೆಂಡತಿಯೂ ಒಬ್ಬಳು. ಅವಳೇ ಮೇಸ್ತ್ರಿಯ ಅಕ್ಕ. ಅಮ್ಮ ಹೋದ ಮೇಲೆ ಮೇಸ್ತ್ರಿಯನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು.

ಆವತ್ತು ಹೆಂಗಸರನ್ನು ಆಚೆ ಇಳಿಸಿ ಖಾಲಿ ಲಾಂಚು ವಾಪಸು ಬರುತ್ತಿತ್ತು. ಇದ್ದವರು ಇಬ್ಬರೇ, ಭಾವ ಮತ್ತು ಹಗ್ಗ ಕಟ್ಟುವ ಮುದುಕ. ಮುದುಕ ಒಂದು ಕಡೆ ಕೂತರೆ ಏಳುವುದಿಲ್ಲ ಅಂತ ಎಲ್ಲರೂ ಅವನನ್ನು ಲಂಗರಜ್ಜ ಅಂತ ಕರೆಯುತ್ತಿದ್ದರು. ನಡು ಕೊಲ್ಲಿಯಲ್ಲಿ ಇಂಜಿನ್ ಕಾದು ನಿಂತಿತು. ಲಾಂಚು ಬಂಡೆಗಳ ಕಡೆ ಸರಿಯತೊಡಗಿತು. ಭಾವ ಕೆಳಗಿಳಿದ. ಸ್ವಲ್ಪ ಹೊತ್ತಿಗೆ ಕುದಿಯುವ ನೀರಿನ ಪೈಪು ಬಾಯಿಬಿಟ್ಟಿತು. ಬೇರೊಂದು ದೋಣಿಯವರು ಹಗ್ಗ ಹಾಕಿ ಎಳೆದು ತಂದರು. ಆಸ್ಪತ್ರೆಯಲ್ಲಿ ಮೂರು ದಿನ ಜೀವ ಹಿಡಿದಿದ್ದ. ಆಮೇಲೆ ಬಿಟ್ಟ.

"ಕುಡಿದಿದ್ದ," ಅಂದ ಲಾಂಚಿನ ಧಣಿ. "ತಳದ ವಾಲ್ವು ತೆರೆಯೋದನ್ನೇ ಮರೆತಿದ್ದಾನೆ. ಎಳೆದು ತಂದವರು ಕಣ್ಣಾರೆ ನೋಡಿದ್ದಾರೆ, ವಾಲ್ವು ಮುಚ್ಚಿತ್ತು."

ಮುಚ್ಚಿದ್ದು ನಿಜವೇ. ದೋಣಿಯ ಇಂಜಿನ್ ತಣ್ಣಗಿರಬೇಕಾದರೆ ಹೊರಗಿನ ಉಪ್ಪುನೀರು ಒಳಗೆ ಬರುತ್ತಲೇ ಇರಬೇಕು. ದೋಣಿಯ ತಳದಲ್ಲಿರುವ ವಾಲ್ವಿನಿಂದ ನೀರು ಬರುತ್ತದೆ, ಪಂಪು ಅದನ್ನು ಎಳೆದು ಇಂಜಿನ್ನಿಗೆ ದೂಡುತ್ತದೆ, ಪಕ್ಕದ ತೂತಿನಿಂದ ಹೊರಗೆ ಉಗುಳುತ್ತದೆ. ವಾಲ್ವು ಮುಚ್ಚಿದರೆ ಇಂಜಿನ್ ಕಾದು ಹೋಗುವುದು ಗ್ಯಾರಂಟಿ. ತಪ್ಪು ಡ್ರೈವರನದು ಅಂತ ಆದರೆ ಅವನ ಹೆಂಡತಿ ಮಕ್ಕಳಿಗೆ ಯಾರೂ ಏನೂ ಕೊಡಬೇಕಾಗಿಲ್ಲ. ಅದೂ ಗ್ಯಾರಂಟಿ.

ಈ ಬೆಳಿಗ್ಗೆ ಧಣಿ ತಾನೇ ಮೇಸ್ತ್ರಿಯ ಶೆಡ್ಡಿಗೆ ಬಂದಿದ್ದ. ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಅದರೊಳಗೆ ಹೊಚ್ಚ ಹೊಸ ಪಂಪು.

"ನಾಳೆ ಬೆಳಿಗ್ಗೆ ತನಿಖಾಧಿಕಾರಿ ಬರ್ತಾರೆ. ಇವತ್ತು ಸಂಜೆಯೊಳಗೆ ಇದು ಕೂರಬೇಕು. ಹಳೇ ಬಣ್ಣವನ್ನೇ ಬಳಿ, ಮಸಿ ಹಚ್ಚು. ಮೊದಲಿಂದ ಇದೇ ಇತ್ತು ಅನ್ನೋ ಹಾಗೆ ಇರಬೇಕು."

"ತನಿಖೆಗೆ ಮುಂಚೆ ಬಿಚ್ಚಬಹುದಾ ಧಣಿ?"

"ಬಿಚ್ಚಬಾರದು ಅಂತ ಯಾರಾದ್ರೂ ನಿನಗೆ ಹೇಳಿದ್ದಾರಾ?"

"ಬೇರೆ ಯಾರಾದ್ರೂ ಮಾಡಲಿ. ನನ್ನ ಕೈಲಿ ಆಗಲ್ಲ. ಅಲ್ಲಿ ನಮ್ಮ ಭಾವ..."

ಧಣಿ ಬಾಗಿಲ ಹತ್ತಿರ ನಿಂತು ಮೆತ್ತಗೆ ಹೇಳಿದ. "ಬೇರೆಯವರು ಬಿಚ್ಚಿದರೆ ಆ ಕಿಂಡಿ ಕಾಣುತ್ತಲ್ಲಪ್ಪಾ. ಅದನ್ನ ಮುಚ್ಚಿದ ಕೈ ಯಾವುದು ಅಂತ ಈ ದಡದಲ್ಲಿ ಯಾರಿಗೆ ಗೊತ್ತಾಗಲ್ಲ? ನಾನು ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಮೇಸ್ತ್ರಿ ಪೆಟ್ಟಿಗೆ ತೆಗೆದುಕೊಂಡ.

ಕಿಂಡಿಯ ಕತೆ ಇಷ್ಟು. ಪಂಪಿನ ಹೊಟ್ಟೆಯ ಕೆಳಗೆ ಕಡ್ಡಿ ತೂರುವಷ್ಟು ಸಣ್ಣ ಒಂದು ತೂತು ಇರುತ್ತದೆ. ಒಳಗೆ ನೀರು ತಡೆಯುವ ಸೀಲು ಸವೆದರೆ ಆ ತೂತಿನಿಂದ ನೀರು ತೊಟ್ಟಿಕ್ಕುತ್ತದೆ. ನನ್ನ ಕಾಲ ಮುಗಿಯಿತು, ಬದಲಾಯಿಸು ಅಂತ ಪಂಪು ಹೇಳುವ ಮಾತು ಅದು. ಮೆಕ್ಯಾನಿಕ್ಕುಗಳ ಬಾಯಲ್ಲಿ ಅದಕ್ಕೆ ಅಳುಗಿಂಡಿ ಅಂತ ಹೆಸರು. ಎರಡು ತಿಂಗಳ ಹಿಂದೆ ಈ ಪಂಪು ಅಳಲು ಶುರು ಮಾಡಿತ್ತು. ಭಾವ ಮೂರು ಸಲ ಧಣಿಗೆ ಹೇಳಿದ್ದ. ಧಣಿ ಮೇಸ್ತ್ರಿಯನ್ನು ಕರೆಸಿದ.

"ಹೊಸದು ಮುಂದೆ ನೋಡೋಣ. ಈಗ ಆ ತೂತು ಮುಚ್ಚು."

"ಮುಚ್ಚಿದ್ರೆ ನೀರು ಒಳಗೇ ಹೋಗಿ ಬೇರಿಂಗ್ ತಿನ್ನುತ್ತೆ."

"ಒಂದೆರಡು ತಿಂಗಳು ತಡೆಯುತ್ತಾ, ಇಲ್ವಾ? ಅಷ್ಟು ಹೇಳು."

"ತಡೀಬಹುದು," ಅಂದಿದ್ದ ಮೇಸ್ತ್ರಿ.

ಆ ಒಂದು ಮಾತು ಹದಿನೈದು ದಿನದಿಂದ ಅವನ ಕಿವಿಯಲ್ಲಿ ಕೂತಿದೆ. ಹಲ್ಲುಜ್ಜುವಾಗ, ಚಹಾ ಕುಡಿಯುವಾಗ, ಹೆಂಡತಿ ಏನೋ ಕೇಳುವಾಗ. ತಡೀಬಹುದು. ಆವತ್ತು ಲೋಹಕ್ಕೆ ಹಚ್ಚುವ ಅಂಟನ್ನು ಬೆರಳ ತುದಿಯಲ್ಲಿ ಒತ್ತಿ, ಮೇಲೆ ಬಣ್ಣ ಸವರಿ ಬಂದಿದ್ದ. ಮರುದಿನ ಭಾವ ಸಿಕ್ಕಿದ. "ನಿಂತೇ ಹೋಯ್ತಲ್ಲೋ! ಏನು ಮಾಡಿದೆ?" ಅಂತ ಕೇಳಿದ. "ಸೀಲು ಬದಲಾಯಿಸಿದೆ," ಅಂದ ಮೇಸ್ತ್ರಿ. ಭಾವ ಹೆಗಲ ಮೇಲೆ ಕೈ ಹಾಕಿ, "ನೀನು ಮುಟ್ಟಿದೆ ಅಂದ್ರೆ ಮುಗೀತು ಬಿಡು," ಅಂದಿದ್ದ.

ಈಗ ಮೇಸ್ತ್ರಿ ಅದೇ ಪಂಪಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಾನೆ. ಕೋಣೆ ಎಷ್ಟು ಇಕ್ಕಟ್ಟು ಅಂದರೆ ಬೆನ್ನು ನೆಟ್ಟಗೆ ಮಾಡಲು ಆಗುವುದಿಲ್ಲ. ಮೇಲೆ ಮುಚ್ಚಳದ ಚೌಕದಲ್ಲಿ ಧಣಿಯ ಚಪ್ಪಲಿ ಎರಡು ಕಾಣುತ್ತಿವೆ. ಮೇಸ್ತ್ರಿ ಟಾರ್ಚ್ ಹಾಕಿದ.

ಬೆಳಕು ಮೊದಲು ಬಿದ್ದದ್ದು ಒಂದು ಸ್ಟೀಲಿನ ಮುಚ್ಚಳದ ಮೇಲೆ. ಭಾವನ ಊಟದ ಡಬ್ಬಿಯದು. ಇಂಜಿನ್ ಪಕ್ಕದ ಹಲಗೆಯ ಮೇಲೆ, ಅಲುಗಾಡದ ಹಾಗೆ ಒಂದು ಬಟ್ಟೆ ಚೂರನ್ನು ಅಡಿಗೆ ಕೊಟ್ಟು ಇಟ್ಟಿದ್ದ. ಅದರಲ್ಲಿ ನಾಲ್ಕು ಹಿತ್ತಾಳೆ ಸ್ಕ್ರೂ. ಒಂದರ ಪಕ್ಕ ಒಂದು.

ಮೇಸ್ತ್ರಿ ಟಾರ್ಚನ್ನು ಪಂಪಿನ ಮೇಲೆ ತಿರುಗಿಸಿದ. ಪಂಪಿನ ಮುಂಭಾಗದ ತಗಡಿಗೆ ಆರು ಸ್ಕ್ರೂ ಇರಬೇಕು. ಇದ್ದದ್ದು ಎರಡು. ಒಂದು ಹಾಗೇ ಇತ್ತು. ಇನ್ನೊಂದರ ತಲೆ ಪೂರ್ತಿ ಸವೆದು ಬಟ್ಟಲಿನಂತೆ ಆಗಿತ್ತು. ಅದರ ಸುತ್ತ ತಗಡಿನ ಮೇಲೆ ಗೀರು, ಗೀರು, ಗೀರು. ಸ್ಕ್ರೂಡ್ರೈವರ್ ಜಾರಿ ಜಾರಿ ಆದ ಗೀರು. ದೊಡ್ಡ ಸ್ಕ್ರೂಡ್ರೈವರ್ ಕೆಳಗಿನ ಕೊಳೆನೀರಿನಲ್ಲಿ ಬಿದ್ದಿತ್ತು.

ಆ ತಲೆ ಸವೆಸಿದ್ದು ಯಾರು ಅಂತ ಮೇಸ್ತ್ರಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಎರಡು ತಿಂಗಳ ಹಿಂದೆ, ಕಿಂಡಿ ಮುಚ್ಚಿದ ಮೇಲೆ, ಬೇಗ ಹೊರಡುವ ಅವಸರದಲ್ಲಿ, ತಗಡು ಬಿಗಿಯಾಗಿದೆಯಾ ಅಂತ ಸಿಕ್ಕಿದ ಸ್ಕ್ರೂಡ್ರೈವರಿನಿಂದ ಅವನೇ ಒತ್ತಿ ತಿರುಗಿಸಿದ್ದ. ತಲೆಯ ಸೀಳು ಸವೆದು ಹೋಗಿತ್ತು. ಇರಲಿ ಬಿಡು ಅಂದುಕೊಂಡಿದ್ದ.

ಆಸ್ಪತ್ರೆಯ ಮೂರು ದಿನವೂ ಭಾವ ಒಂದೇ ಮಾತು ಹೇಳುತ್ತಿದ್ದ. ಅಕ್ಕ ಎಲ್ಲರ ಹತ್ತಿರವೂ ಅದನ್ನು ಹೇಳಿಕೊಂಡು ಅತ್ತಿದ್ದಳು. "ಐದನೇದು ಬರ್ತಿಲ್ಲ, ಐದನೇದು ಬರ್ತಿಲ್ಲ ಅಂತಾನೇ ಇದ್ರು ಕಣೋ. ನಮಗಿರೋದು ಇಬ್ಬರು ಮಕ್ಕಳು. ಯಾರನ್ನ ಕರೀತಿದ್ರೋ ಏನೋ."

ಈ ಸ್ಕ್ರೂವನ್ನು ಕರೆಯುತ್ತಿದ್ದ.

ಪಂಪು ಬಿಚ್ಚಬೇಕಾದರೆ ಮೊದಲು ತಳದ ವಾಲ್ವು ಮುಚ್ಚಬೇಕು. ಇಲ್ಲದಿದ್ದರೆ ಹೊರಗಿನ ನೀರೆಲ್ಲ ದೋಣಿಯೊಳಗೆ ನುಗ್ಗುತ್ತದೆ. ಇದು ಎಲ್ಲ ಡ್ರೈವರುಗಳಿಗೂ ಗೊತ್ತು. ಬಂಡೆಗಳ ಕಡೆ ದೋಣಿ ಸರಿಯುತ್ತಿರುವಾಗ, ಇಂಜಿನ್ ಕೆಂಡವಾಗಿರುವಾಗ, ಭಾವ ವಾಲ್ವು ಮುಚ್ಚಿದ್ದ, ಡಬ್ಬಿಯ ಮುಚ್ಚಳ ಇಟ್ಟಿದ್ದ, ನಾಲ್ಕು ಸ್ಕ್ರೂ ತೆಗೆದು ಜೋಡಿಸಿದ್ದ. ಐದನೆಯದು ಬರಲಿಲ್ಲ. ಅದರ ಜೊತೆ ಗುದ್ದಾಡುತ್ತಾ ಕೂತಿದ್ದಾಗಲೇ ನೆತ್ತಿಯ ಮೇಲಿನ ಪೈಪು ಒಡೆದಿದೆ. ಐದನೆಯದು ಬಂದಿದ್ದರೆ ಅಷ್ಟು ಹೊತ್ತಿಗೆ ಅವನು ಮೇಲಿರುತ್ತಿದ್ದನೋ ಏನೋ.

"ಏನೋ, ನಿದ್ದೆ ಹೋದೆಯಾ?" ಮೇಲಿನಿಂದ ಧಣಿ ಕೂಗಿದ.

"ಇಲ್ಲ."

"ಹಾಗಾದ್ರೆ ಶಬ್ದವೇ ಇಲ್ಲವಲ್ಲ!"

ಮೇಸ್ತ್ರಿ ಕೆಲಸ ಶುರು ಮಾಡಿದ. ಕೈಗಳು ತಮ್ಮಷ್ಟಕ್ಕೆ ಓಡಿದವು. ಎರಡು ಪೈಪುಗಳ ಬಿಗಿಪಟ್ಟಿ ಸಡಿಲಿಸಿ ಎಳೆದ. ಪಂಪನ್ನು ಇಂಜಿನ್ನಿಗೆ ಹಿಡಿದಿದ್ದ ಬೋಲ್ಟು ತೆಗೆದ. ಪಂಪು ಕೈಗೆ ಬಂದಾಗ ಹಿಂದಿನಿಂದ ಕೆಂಪು ರಾಡಿ ಸುರಿಯಿತು. ಬೇರಿಂಗ್ ತುಕ್ಕು ತಿಂದು ಹುಡಿಯಾಗಿತ್ತು. ಪಂಪನ್ನು ತಿರುಗಿಸುವ ದಂಡ ತುಂಡಾಗಿತ್ತು. ಬೆರಳು ಹೊಟ್ಟೆಯ ಕೆಳಗೆ ತಾನೇ ಹೋಯಿತು. ಅಂಟು ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಒಳ್ಳೆಯ ಕೆಲಸ. ಒಂದು ತೊಟ್ಟೂ ಹೊರಗೆ ಬಂದಿರಲಿಲ್ಲ.

"ಕೊಡು ಇಲ್ಲಿ," ಧಣಿ ಬಗ್ಗಿ ಕೈ ಚಾಚಿದ.

ಮೇಸ್ತ್ರಿ ಕೊಟ್ಟ. ಯಾಕೆ ಕೊಟ್ಟೆ ಅಂತ ಆಮೇಲೆ ಎಷ್ಟೋ ಸಲ ಕೇಳಿಕೊಂಡ. ಮೇಲಿನವರು ಕೈ ಚಾಚಿದರೆ ಕೊಟ್ಟೇ ಅಭ್ಯಾಸ, ಅಷ್ಟೇ.

"ಅದೇನು ತಟ್ಟೆಯಲ್ಲಿ? ಅದನ್ನೂ ಕೊಡು."

ಮುಚ್ಚಳವನ್ನೂ ಕೊಟ್ಟ. ಚಪ್ಪಲಿಗಳು ಚೌಕದಿಂದ ಸರಿದವು. ಹೊರಗೆ ಒಂದು ದೊಡ್ಡ ಬುಳುಕ್. ಅದರ ಹಿಂದೆಯೇ ಸಣ್ಣದೊಂದು. ಧಣಿ ಕೈ ಒರೆಸಿಕೊಳ್ಳುತ್ತಾ ಮತ್ತೆ ಬಂದು ನಿಂತ.

ಮೇಸ್ತ್ರಿ ಇಂಜಿನ್ನಿನ ಮುಖ ಕೆರೆದು ಚೊಕ್ಕಟ ಮಾಡಿದ. ಹೊಸ ಕಾಗದದ ಪ್ಯಾಕಿಂಗ್ ಕೂರಿಸಿದ. ಹೊಸ ಪಂಪಿನ ರಬ್ಬರಿನ ರೆಕ್ಕೆಗಳಿಗೆ ಸಾಬೂನು ನೀರು ಸವರಿ, ಹಲ್ಲಿಗೆ ಹಲ್ಲು ಕೂಡುವ ಹಾಗೆ ತಿರುಗಿಸಿ ಒಳಗೆ ದೂಡಿದ. ಬೋಲ್ಟು ಬಿಗಿದ. ಒಡೆದ ಪೈಪಿನ ಜಾಗಕ್ಕೆ ಬೇರೆ ಪೈಪು ಹಾಕಿದ. ಬಣ್ಣ ಬಳಿದ, ಮಸಿ ಹಚ್ಚಿದ. ಕೊನೆಗೆ ತಳದ ವಾಲ್ವಿನ ಹಿಡಿ ಹಿಡಿದು ತೆರೆದ.

ಇಂಜಿನ್ ಒಂದೇ ಏಟಿಗೆ ಎದ್ದಿತು. ಪಕ್ಕದ ತೂತಿನಿಂದ ನೀರು ಪಿಚಕ್ಕನೆ ಹಾರಿತು. "ಭೇಷ್!" ಅಂತ ಮೇಲಿನಿಂದ ಕೇಳಿಸಿತು. ಆದರೆ ಇಂಜಿನ್ನಿನ ಆ ಗದ್ದಲದ ಅಡಿಯಲ್ಲಿ ಮೇಸ್ತ್ರಿಗೆ ಬೇರೊಂದು ಶಬ್ದ ಕೇಳಿಸುತ್ತಿತ್ತು. ಕರ್ರ್, ಟಕ್. ಕರ್ರ್, ಟಕ್. ಸ್ಕ್ರೂಡ್ರೈವರ್ ಕೂತು, ಜಾರಿ, ತಗಡಿಗೆ ಬಡಿಯುವ ಶಬ್ದ. ತನ್ನ ಪಕ್ಕದಲ್ಲೇ, ಮೊಣಕೈ ತಾಗುವಷ್ಟು ಹತ್ತಿರ. ಅವನು ಇಂಜಿನ್ ಆರಿಸಿದ. ಶಬ್ದ ಆರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇತ್ತು.

ಧಣಿ ಒಂದು ಕಾಗದ ಕೊಟ್ಟ. ಪಂಪನ್ನು ಪರೀಕ್ಷಿಸಲಾಗಿ ಸುಸ್ಥಿತಿಯಲ್ಲಿ ಇರುವುದು ಕಂಡುಬಂದಿದೆ ಅಂತ ಅದರಲ್ಲಿ ಟೈಪ್ ಮಾಡಿತ್ತು.

"ನಾಳೆ ಅವರ ಮುಂದೆ ಸಹಿ ಹಾಕಿದ್ರೆ ಆಯ್ತು. ನಿಮ್ಮಕ್ಕನ ಯೋಚನೆ ಬಿಡು. ಕಾರ್ಖಾನೆಯವರಿಗೆ ಹೇಳಿ ಅವಳ ಕೆಲಸ ಉಳಿಸ್ತೀನಿ."

ಅಲ್ಲಿಂದ ಮೇಸ್ತ್ರಿ ನೇರ ಅಕ್ಕನ ಮನೆಗೆ ಹೋದ. ಹೇಳಿಬಿಡಬೇಕು ಅಂತಲೇ ಹೋದ. ಒಂದೇ ಕೋಣೆಯ ಮನೆ. ಸಂಜೆಯ ಬಿಸಿಲು ಕಿಟಕಿಯಿಂದ ಗೋಡೆಗೆ ಬಿದ್ದಿತ್ತು. ಗೋಡೆಯ ಮೊಳೆಗೆ ಭಾವನ ಖಾಕಿ ಅಂಗಿ ಇನ್ನೂ ನೇತಾಡುತ್ತಿತ್ತು. ಅಕ್ಕ ಬಚ್ಚಲಲ್ಲಿ ಕೂತು ಕಾರ್ಖಾನೆಯ ನೀಲಿ ಏಪ್ರನ್ ಉಜ್ಜುತ್ತಿದ್ದಳು. ನಲ್ಲಿಯಿಂದ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿತ್ತು.

"ನಾಳೆಯಿಂದ ಲಾಂಚು ಬಿಡ್ತಾರಂತೆ," ಅಂದಳು. "ನೀನೇ ರಿಪೇರಿ ಮಾಡಿದೆಯಂತೆ."

"ಹೂಂ."

"ಅದರಲ್ಲೇ ಹೋಗಬೇಕಲ್ಲೋ ನಾನು. ಬೇರೆ ದೋಣಿ ಎಲ್ಲಿದೆ? ಅವರ ಮೇಲೆ ಕಾಲಿಟ್ಟು ನಿಂತ ಹಾಗೆ ಆಗುತ್ತೆ." ಏಪ್ರನ್ ಹಿಂಡಿದಳು. "ದೊಡ್ಡವಳು ಕೇಳಿದಳು, ಅಪ್ಪ ಕುಡಿದಿದ್ರಾ ಅಮ್ಮಾ ಅಂತ. ಶಾಲೆಯಲ್ಲಿ ಯಾರೋ ಅಂದ್ರಂತೆ. ನಾನೇನು ಹೇಳಲಿ? ಆವತ್ತು ಬೆಳಿಗ್ಗೆ ನನ್ನ ಕೈಯಿಂದಲೇ ಚಹಾ ಕುಡಿದು ಹೋದವರು. ನೀನು ಹೇಳು, ಅಷ್ಟು ವರ್ಷದಲ್ಲಿ ಡ್ಯೂಟಿ ಮೇಲೆ ಒಂದು ದಿನ ಮುಟ್ಟಿದ್ದಾರಾ?"

"ಇಲ್ಲ ಅಕ್ಕ."

"ವಾಲ್ವು ಯಾಕೆ ಮುಚ್ಚಿತ್ತು ಹಾಗಾದ್ರೆ?"

ಮೇಸ್ತ್ರಿಯ ಬಾಯಿ ತೆರೆಯಿತು. ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು. ಅವನು ಸುಮ್ಮನೆ ಕೈ ಚಾಚಿ ಹೆಬ್ಬೆರಳಿನಿಂದ ನಲ್ಲಿಯ ಬಾಯಿ ಒತ್ತಿ ಹಿಡಿದ. ಆಮೇಲೆ ಕೆಂಡ ಮುಟ್ಟಿದವನ ಹಾಗೆ ಕೈ ಎಳೆದುಕೊಂಡ.

"ಏನಾಯ್ತೋ? ಮುಖ ಯಾಕೆ ಹೀಗಾಗಿದೆ? ಊಟ ಮಾಡಿದೆಯಾ?"

ಅವಳು ಹಾಗೆ ಕೇಳಬಾರದಾಗಿತ್ತು. ಅವನು ಎದ್ದು ಹೊರಟುಬಿಟ್ಟ. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತಿದ್ದ.

ಬೆಳಿಗ್ಗೆ ಜೆಟ್ಟಿಯ ಮೇಲೆ ಒಂದು ಮೇಜು, ಎರಡು ಕುರ್ಚಿ. ಅಧಿಕಾರಿ ಒಂದರಲ್ಲಿ ಕೂತಿದ್ದ, ಧಣಿ ಇನ್ನೊಂದರಲ್ಲಿ. ಒಬ್ಬ ಪೊಲೀಸಿನವನು ಕಂಬಕ್ಕೆ ಒರಗಿ ನಿಂತಿದ್ದ. ಲಂಗರಜ್ಜ ಹಗ್ಗದ ಸುರುಳಿಯ ಮೇಲೆ ಕೂತಿದ್ದ. ಅರುವತ್ತು ಹೆಂಗಸರು ಊಟದ ಡಬ್ಬಿ ಹಿಡಿದು ಸಾಲಾಗಿ ನಿಂತಿದ್ದರು. ತನಿಖೆ ಮುಗಿದ ಕೂಡಲೇ ಹತ್ತಬೇಕು. ಅಕ್ಕ ಮುಂದಿನ ಸಾಲಿನಲ್ಲೇ ಇದ್ದಳು, ನೀಲಿ ಏಪ್ರನ್ ಹಾಕಿಕೊಂಡು.

ಅಧಿಕಾರಿ ಕೆಳಗಿಳಿದು ನೋಡಿ ಬಂದಿದ್ದ. ಕರವಸ್ತ್ರದಿಂದ ಕತ್ತು ಒರೆಸಿಕೊಂಡ.

"ಪಂಪು ಚೆನ್ನಾಗಿದೆ. ವಾಲ್ವು ಮುಚ್ಚಿದ್ದು ಡ್ರೈವರನ ತಪ್ಪು. ಮೇಸ್ತ್ರಿ, ನಿನ್ನದೊಂದು ಸಹಿ."

ಮೇಸ್ತ್ರಿ ಪೆನ್ನು ತೆಗೆದುಕೊಂಡ. ಕಾಗದದ ಮೇಲೆ ಇಟ್ಟ. ಕರ್ರ್, ಟಕ್. ಇಲ್ಲೂ ಬಂದಿತ್ತು ಆ ಶಬ್ದ. ಹಗಲು ಬೆಳಕಿನಲ್ಲಿ, ಇಷ್ಟು ಜನರ ನಡುವೆ. ಪೆನ್ನನ್ನು ಮೇಜಿನ ಮೇಲೆ ಇಟ್ಟುಬಿಟ್ಟ.

"ಅದು ಹಳೇ ಪಂಪಲ್ಲ ಸಾರ್. ನಿನ್ನೆ ನಾನು ಹಾಕಿದ್ದು."

ಧಣಿ ನಕ್ಕ. "ಭಾವನ ದುಃಖ ಸಾರ್. ಏನೇನೋ ಮಾತಾಡ್ತಾನೆ."

"ಹಳೇದು ಸತ್ತುಹೋಗಿತ್ತು. ಸಾಯ್ತಾ ಇದ್ದೀನಿ ಅಂತ ಎರಡು ತಿಂಗಳ ಹಿಂದೆಯೇ ಅತ್ತಿತ್ತು. ಕಿಂಡಿ ಮುಚ್ಚು ಅಂದ್ರು ಧಣಿ. ಮುಚ್ಚಿದೆ. ನಾನೇ ಮುಚ್ಚಿದೆ. ಭಾವ ಕೇಳಿದಾಗ ಸೀಲು ಬದಲಾಯಿಸಿದೆ ಅಂತ ಸುಳ್ಳು ಹೇಳಿದೆ. ಇಂಜಿನ್ ನಿಂತಾಗ ಅವರು ಪಂಪು ಬಿಚ್ಚೋಕೆ ಇಳಿದಿದ್ರು, ಅದಕ್ಕೇ ವಾಲ್ವು ಮುಚ್ಚಿದ್ರು. ನಾಲ್ಕು ಸ್ಕ್ರೂ ತೆಗೆದು ಜೋಡಿಸಿಟ್ಟಿದ್ರು. ಐದನೇದು ಬರಲಿಲ್ಲ. ಅದರ ತಲೆ ಹಾಳು ಮಾಡಿದ್ದೂ ನಾನೇ."

ಸಾಲಿನಲ್ಲಿ ಯಾರದೋ ಕೈಯಿಂದ ಡಬ್ಬಿ ಬಿತ್ತು. ಅದು ಉರುಳಿ ಮೇಜಿನ ಕಾಲಿಗೆ ತಾಗಿ ನಿಂತಿತು.

"ಎಲ್ಲಿದೆ ಆ ಹಳೇ ಪಂಪು?" ಅಧಿಕಾರಿ ಕೇಳಿದ.

"ನೀರಿಗೆ ಎಸೆದ್ರು. ಈ ಮೂರನೇ ಕಂಬದ ಬುಡದಲ್ಲೇ ಇರಬೇಕು. ಯಾರನ್ನಾದ್ರೂ ಇಳಿಸಿ ನೋಡಿ."

"ಅದಕ್ಕೆಲ್ಲ ಮೇಲಿನವರ ಅಪ್ಪಣೆ ಬೇಕು." ಅಧಿಕಾರಿ ಧಣಿಯ ಕಡೆ ನೋಡಿದ, ಮತ್ತೆ ಮೇಸ್ತ್ರಿಯ ಕಡೆ. "ನೀನು ಏನು ಹೇಳ್ತಿದ್ದೀಯ ಗೊತ್ತಾ? ಇದರಿಂದ ಒಳಗೆ ಹೋಗೋನು ನೀನು."

"ಗೊತ್ತು ಸಾರ್."

"ಸಾಕ್ಷಿ ಯಾರಿದ್ದಾರೆ?"

ಲಂಗರಜ್ಜ ಎದ್ದ. ಆ ಮುದುಕ ಯಾರೂ ಹೇಳದೆ ತಾನಾಗಿ ಎದ್ದದ್ದನ್ನು ಜೆಟ್ಟಿಯಲ್ಲಿ ಯಾರೂ ನೋಡಿರಲಿಲ್ಲ.

"ನಾನಿದ್ದೀನಿ. ಕೆಳಗಿನಿಂದ ಕೂಗಿದ, ಅಜ್ಜಾ ದೊಡ್ಡ ಸ್ಕ್ರೂಡ್ರೈವರ್ ಕೊಡು, ಚಿಕ್ಕದು ಜಾರ್ತಾ ಇದೆ ಅಂತ. ಕೊಟ್ಟೆ. ಕುಡಿದವನಿಗೆ ದೊಡ್ಡದು ಯಾವುದು ಚಿಕ್ಕದು ಯಾವುದು ಅಂತ ತಿಳಿಯುತ್ತೇನ್ರೀ? ಬಾಯಿಬಿಟ್ಟರೆ ನಿನಗೆ ಕೂರೋಕೂ ಜಾಗ ಇರಲ್ಲ ಅಂದ್ರು ಇವರು. ಇಷ್ಟು ದಿನ ಕೂತಿದ್ದೆ. ಮರ್ಯಾದೆ ಇಲ್ಲದೆ ಕೂತಿದ್ದೆ."

"ಏಯ್ ಮುದುಕಾ!" ಧಣಿ ಕುರ್ಚಿ ದೂಡಿ ಎದ್ದ.

ಅಷ್ಟರಲ್ಲಿ ಅಕ್ಕ ಸಾಲು ಬಿಟ್ಟು ಬಂದಿದ್ದಳು. ಅವಳು ಧಣಿಯನ್ನು ನೋಡಲಿಲ್ಲ. ತಮ್ಮನ ಎದುರು ಬಂದು ನಿಂತಳು.

"ಮುಚ್ಚುವಾಗ ಗೊತ್ತಿತ್ತಾ ನಿನಗೆ? ಹೀಗಾಗುತ್ತೆ ಅಂತ?"

"ಗೊತ್ತಿತ್ತು ಅಕ್ಕ. ತಡೀಬಹುದು ಅಂದುಕೊಂಡೆ."

"ನಿನ್ನೆ ನನ್ನ ಮನೆಯಲ್ಲಿ ಕೂತಿದ್ದೆಯಲ್ಲ."

"ಕೂತಿದ್ದೆ."

ಅವಳು ಹೊಡೆಯುತ್ತಾಳೆ ಅಂತ ಅವನು ಕಾದ. ಹೊಡೆದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು. ಅವಳು ಹೊಡೆಯಲಿಲ್ಲ. ಅವನ ಮುಖದ ಮೇಲಿಂದ ಕಣ್ಣು ತೆಗೆದಳು. ಎತ್ತಿ ಆಡಿಸಿದವಳು ಅವನನ್ನು ಮತ್ತೆ ನೋಡಲೇ ಇಲ್ಲ.

ಅಧಿಕಾರಿ ಹೊಸ ಹಾಳೆ ತೆಗೆದು ಸರಸರ ಬರೆದ. ಪೊಲೀಸಿನವನು ಮೇಸ್ತ್ರಿಯ ತೋಳು ಹಿಡಿದ. ಆಚೆ ದಡದಿಂದ ಕಾರ್ಖಾನೆಯ ಸೈರನ್ ಕೂಗಿತು.

"ಆಯ್ತು, ಎಲ್ಲರೂ ಹತ್ತಿ," ಅಂದ ಧಣಿ. ಸ್ವರ ಮತ್ತೆ ಮೆತ್ತಗಾಗಿತ್ತು. "ತಪ್ಪು ಮಾಡಿದವನು ಒಪ್ಪಿಕೊಂಡಿದ್ದಾನೆ. ಹೊತ್ತಾದ್ರೆ ಅರ್ಧ ದಿನದ ಕೂಲಿ ಹೋಗುತ್ತೆ."

ಒಬ್ಬಿಬ್ಬರು ಕಾಲು ಎತ್ತಿದರು. ಅಕ್ಕ ಮೇಜಿನ ಮುಂದೆ ಹಾಗೇ ನಿಂತಿದ್ದಳು.

"ಏನು ಬರೆದ್ರಿ? ಓದಿ."

"ನಿನಗೆ ಯಾಕಮ್ಮ ಅದು?"

"ನನ್ನ ಗಂಡ ಸತ್ತದ್ದು. ಓದಿ."

ಅಧಿಕಾರಿ ಓದಿದ. ಮೆಕ್ಯಾನಿಕ್ ತನ್ನ ನಿರ್ಲಕ್ಷ್ಯದಿಂದ ಪಂಪಿನ ಕಿಂಡಿಯನ್ನು ಮುಚ್ಚಿದ್ದಾಗಿ ಒಪ್ಪಿಕೊಂಡಿರುತ್ತಾನೆ. ಅಷ್ಟೇ ಇತ್ತು.

"ಮುಚ್ಚು ಅಂದವರು ಎಲ್ಲಿ ಅದರಲ್ಲಿ?"

"ಅದಕ್ಕೆ ದಾಖಲೆ ಇಲ್ಲಮ್ಮ."

"ಮುಚ್ಚಿದ್ದಕ್ಕೂ ದಾಖಲೆ ಇಲ್ಲ. ಅವನ ಬಾಯಿ ಮಾತು ಅಷ್ಟೇ. ಅರ್ಧ ಬಾಯಿ ಕೇಳಿಸ್ತು, ಇನ್ನರ್ಧ ಕೇಳಿಸಲಿಲ್ವಾ?" ಅವಳು ಡಬ್ಬಿಯನ್ನು ಅವನ ಮೇಜಿನ ಮೇಲೆ ಇಟ್ಟಳು. ಏಪ್ರನ್ನಿನ ಗಂಟು ಬಿಚ್ಚಿದಳು. "ಅದನ್ನ ಬರೆಯೋವರೆಗೆ ನಾನು ಹತ್ತಲ್ಲ."

"ನೀನೊಬ್ಬಳು ಹತ್ತದಿದ್ರೆ ಲಾಂಚು ನಿಲ್ಲುತ್ತಾ?" ಅಂದ ಧಣಿ.

ಹಿಂದಿನಿಂದ ಒಬ್ಬಳು ದಪ್ಪ ಹೆಂಗಸು ಕೆಮ್ಮಿದಳು. "ನನಗೆ ಮೊದಲೇ ಮಂಡಿ ನೋವು. ನಾನು ಕೂರ್ತೀನಪ್ಪ," ಅಂತ ಜೆಟ್ಟಿಯ ಹಲಗೆಯ ಮೇಲೆ ಕೂತೇಬಿಟ್ಟಳು. ಯಾರೋ ಕಿಸಕ್ಕನೆ ನಕ್ಕರು. ಅವಳ ಪಕ್ಕದವಳು ಕೂತಳು. ಅವಳ ಹಿಂದಿನವಳು ಕೂತಳು. ಕಾಲು ಎತ್ತಿದ್ದವರು ವಾಪಸು ಬಂದರು. ಡಬ್ಬಿಗಳು ಹಲಗೆಗೆ ತಾಗಿ ಟಣ್ ಟಣ್ ಅಂದವು. ನೋಡನೋಡುತ್ತಿದ್ದಂತೆ ಸಾಲು ಇಲ್ಲವಾಯಿತು. ಜೆಟ್ಟಿ ತುಂಬ ನೀಲಿ ಬಟ್ಟೆ. ದಾಟಿ ಹೋಗಲು ಧಣಿಗೆ ಕಾಲಿಡುವಷ್ಟು ಜಾಗವೂ ಇರಲಿಲ್ಲ.

ಪೊಲೀಸಿನವನು ಮೇಸ್ತ್ರಿಯನ್ನು ಅವರ ನಡುವಿನಿಂದಲೇ ನಡೆಸಿಕೊಂಡು ಹೋಗಬೇಕಾಯಿತು. ಒಬ್ಬರೂ ಅವನಿಗೆ ಸಮಾಧಾನ ಹೇಳಲಿಲ್ಲ. ಒಬ್ಬರೂ ಬೈಯಲಿಲ್ಲ. ಮಂಡಿ ಸರಿಸಿ ದಾರಿ ಕೊಟ್ಟರು, ಅಷ್ಟೇ. ಜೆಟ್ಟಿಯ ತುದಿಯಲ್ಲಿ ನಿಂತು ಅವನು ತಿರುಗಿ, "ಅಕ್ಕಾ," ಅಂದ.

ಅವಳು ಅವನಿಗೆ ಬೆನ್ನು ಹಾಕಿಯೇ ನಿಂತಿದ್ದಳು. ಆಚೆ ದಡದ ಸೈರನ್ ಎರಡನೇ ಸಲ ಕೂಗಿತು. ಅದು ನಿಲ್ಲುವವರೆಗೆ ಕಾದಳು. ಆಮೇಲೆ ಅಧಿಕಾರಿಯ ಪೆನ್ನನ್ನು ಅವನ ಕಡೆಗೇ ದೂಡಿ, ಮಗುವಿಗೆ ಅಕ್ಷರ ಹೇಳಿಕೊಡುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಬರೀರಿ. ಲಾಂಚಿನ ಧಣಿ. ಮುಚ್ಚು. ಅಂದರು."